ಗಣಿ ಮುಚ್ಚಿದ ಮೇಲೆ ಭೂಮಿ ಯಾರ ಅಧೀನ?



ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಆದರೂ ಇಂದಿನ ವಿಷಯ ಕನ್ನಡಿಗರಿಗೆ ದೂರದ್ದಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್ ಗಣಿಗಳು ಕರ್ನಾಟಕ ವಿದ್ಯುತ್ ನಿಗಮಕ್ಕೆ ಹಂಚಿಕೆಯಾಗಿದ್ದವು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದ 214 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದುಪಡಿಸಿದಾಗ ಅವೂ ಕೈತಪ್ಪಿ, 2015ರಲ್ಲಿ ಮರಳಿ ನಿಗಮಕ್ಕೇ ದೊರೆತವು. ಗಣಿ ಒಂದು ರಾಜ್ಯದಲ್ಲಿ, ಗಣಿ ನಡೆಸುವ ಹೊಣೆ ಇನ್ನೊಂದು ರಾಜ್ಯದ ಸಂಸ್ಥೆಗೆ, ಕಾನೂನು ಕೇಂದ್ರದ್ದು. ಅಗೆದು ಮುಗಿದ ಮೇಲೆ ಅಲ್ಲಿ ಉಳಿಯುವವರು ಮಾತ್ರ ಸುತ್ತಲ ಹಳ್ಳಿಗಳ ಜನ.

ಭೂಮಿಯೂ ಸ್ಥಳೀಯ ಆಡಳಿತವೂ ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. ಗಣಿಗಳೂ ಅದೇ ಪಟ್ಟಿಯಲ್ಲಿದ್ದರೂ, ಸಂಸತ್ತು ಘೋಷಿಸಿದ ಮಟ್ಟಿಗೆ ಅವುಗಳ ನಿಯಂತ್ರಣ ಕೇಂದ್ರಕ್ಕೆ ಸೇರುತ್ತದೆ. ಸರ್ಕಾರಿ ಕಲ್ಲಿದ್ದಲು ಕಂಪನಿಗಳಿಗೆ ಭೂಮಿ ಒದಗಿಸುವ ಒಂದು ಮುಖ್ಯ ಮಾರ್ಗ 1957ರ ಕಲ್ಲಿದ್ದಲು ಪ್ರದೇಶಗಳ ಸ್ವಾಧೀನ ಅಧಿನಿಯಮ. ಅದರಂತೆ ಭೂಮಿ ಎಲ್ಲ ಋಣಭಾರಗಳಿಂದ ಮುಕ್ತವಾಗಿ ಕೇಂದ್ರಕ್ಕೆ, ಅಲ್ಲಿಂದ ಕಂಪನಿಗೆ ಸೇರುತ್ತದೆ. ಕಲ್ಲಿದ್ದಲು ತೆಗೆದಾದ ಭೂಮಿಯನ್ನು ಗುತ್ತಿಗೆಗೆ ಕೊಡಬಹುದಾದರೂ ಒಡೆತನ ಕಂಪನಿಯಲ್ಲೇ ಉಳಿಯತಕ್ಕದ್ದೆಂದು 2022ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ನೀತಿ ತಿಳಿಸುತ್ತದೆ.

ಇನ್ನು ಮಣ್ಣಿನ ಮಾತು. ತೆರೆದ ಗಣಿಯಲ್ಲಿ ಮೊದಲು ತೆಗೆಯುವುದು ಫಲವತ್ತಾದ ಮೇಲ್ಮಣ್ಣನ್ನು. ಅದನ್ನು ಬೇರೆಯಾಗಿ ಕಾಯ್ದಿಟ್ಟು, ಬಂಡೆ ಮಣ್ಣಿನ ರಾಶಿಯಿಂದ ಗುಂಡಿ ತುಂಬಿ ಮಟ್ಟಮಾಡಿದ ಬಳಿಕ ಮತ್ತೆ ಹರಡಬೇಕು. ವರ್ಷಗಟ್ಟಲೆ ರಾಶಿಯಲ್ಲಿ ಬಿದ್ದ ಮೇಲ್ಮಣ್ಣಿನಲ್ಲಿ ಜೀವಾಣುಗಳು ಸಾಯುತ್ತವೆ, ಸಾರ ಕುಂದುತ್ತದೆ. ಕಲ್ಲಿದ್ದಲು ತೆಗೆದಷ್ಟು ಜಾಗ ಖಾಲಿಯೇ ಆದ್ದರಿಂದ ಕೊನೆಯ ಹೊಂಡ ಸಾಮಾನ್ಯವಾಗಿ ಹಾಗೆಯೇ ಉಳಿದು ನೀರು ತುಂಬಿಕೊಳ್ಳುತ್ತದೆ. ಬೇಗ ಬೆಳೆಯುವ ಒಂದೆರಡು ಜಾತಿಯ ಗಿಡ ನೆಟ್ಟರೆ ದೂರದಿಂದ ಹಸುರು ಕಾಣುತ್ತದೆ, ನಿಜ; ಆದರೆ ಅಲ್ಲಿ ಭತ್ತ ಬೆಳೆಯುವುದಿಲ್ಲ, ದನ ಮೇಯುವುದಿಲ್ಲ. ಗಣಿ ಮುಗಿದ ಪ್ರದೇಶದಲ್ಲಿ ಮೇವಿಗೆ ತಕ್ಕಂತೆ ಹುಲ್ಲು ಬೆಳೆಸುವ ಷರತ್ತನ್ನು ವಿಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜನವರಿಯಲ್ಲಿ ಆದೇಶಿಸಬೇಕಾಯಿತು. ದನಗಾಹಿಗೆ ತಿಳಿದಿದ್ದ ಸಂಗತಿ ಅದು!

ಹಣದ ಏರ್ಪಾಡು ಇಲ್ಲದಿಲ್ಲ. ಕಲ್ಲಿದ್ದಲು ಸಚಿವಾಲಯದ 2009ರ ಮಾರ್ಗಸೂಚಿಯು ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿ, ನೆಲದಡಿಯ ಗಣಿಗೆ 1 ಲಕ್ಷ ರೂಪಾಯಿ ದರದಲ್ಲಿ ಪ್ರತ್ಯೇಕ ಠೇವಣಿ ಇಡಲು ವಿಧಿಸಿತು. ಮಾರ್ಗಸೂಚಿ ಅನಂತರ ಪರಿಷ್ಕೃತವಾಗಿದೆ. ಕೆಲಸ ನೋಡಿ ಹಣ ಮರಳಿಸುವ ಅಧಿಕಾರ ಕಲ್ಲಿದ್ದಲು ನಿಯಂತ್ರಕರದು. 2015ರಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹೆಸರು ಜಿಲ್ಲೆಯದಾದರೂ ಅದರ ರಚನೆಯನ್ನು ಗೊತ್ತುಮಾಡುವುದು ರಾಜ್ಯ ಸರ್ಕಾರ.

ಪಂಚಾಯಿತಿಯ ಪಾಲೇನು? ಭೂ ಸುಧಾರಣೆ, ಮಣ್ಣಿನ ಸಂರಕ್ಷಣೆ, ಸಾಮಾಜಿಕ ಅರಣ್ಯ ಇವೆಲ್ಲ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಾಗಿ ಹನ್ನೊಂದನೆಯ ಅನುಸೂಚಿಯಲ್ಲಿವೆ. ಅನುಸೂಚಿತ ಪ್ರದೇಶಗಳಿಗೆ ಅನ್ವಯಿಸುವ 1996ರ ಪಂಚಾಯಿತಿ ವಿಸ್ತರಣಾ ಅಧಿನಿಯಮವು ಸ್ವಾಧೀನಕ್ಕೆ ಮುನ್ನ ಗ್ರಾಮಸಭೆ ಅಥವಾ ಪಂಚಾಯಿತಿಯೊಡನೆ ಸಮಾಲೋಚಿಸಬೇಕೆನ್ನುತ್ತದೆ. ಆದರೆ ಯೋಜನೆಯ ಸಮನ್ವಯ ರಾಜ್ಯ ಮಟ್ಟದಲ್ಲೇ ಎನ್ನುತ್ತದೆ. ಅವುಗಳ ಶಿಫಾರಸು ಕಡ್ಡಾಯವಾದದ್ದು ಉಪಖನಿಜಗಳಿಗೆ. ಮರಳಿಗೆ ಗ್ರಾಮಸಭೆಯ ಮಾತು ಬೇಕು, ಕಲ್ಲಿದ್ದಲಿಗೆ ಬೇಡ.

ಕಲ್ಲಿದ್ದಲು ರಾಷ್ಟ್ರದ ಸಂಪತ್ತು, ಅದನ್ನು ತೆಗೆಯುವ ತೀರ್ಮಾನ ಕೇಂದ್ರದಲ್ಲಿರಲಿ. ಗುಂಡಿ ತುಂಬುವ ತಾಂತ್ರಿಕ ಮಾನದಂಡವೂ ದೇಶಕ್ಕೆಲ್ಲ ಒಂದೇ ಇರುವುದು ಲೇಸು. ಪಂಚಾಯಿತಿಗೆ ಇಳಿಜಾರಿನ ಭದ್ರತೆ ಅಳೆಯುವ ಇಂಜಿನಿಯರುಗಳಿಲ್ಲ. ಆದರೆ ಮಟ್ಟಮಾಡಿದ ನೆಲ ಹೊಲವಾಗಬೇಕೋ, ಗೋಮಾಳವೋ, ಕೆರೆಯೋ ಎಂಬುದನ್ನು ಊರೇ ಹೇಳಬೇಕು. ಠೇವಣಿಯ ಕೊನೆಯ ಕಂತು ಬಿಡುಗಡೆಯಾಗುವ ಮುನ್ನ ಗ್ರಾಮಸಭೆಯ ಲಿಖಿತ ಒಪ್ಪಿಗೆಯನ್ನು ಕಡ್ಡಾಯಗೊಳಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ. ಕಂಪನಿಯ ಕಚೇರಿ ತೆರವಾದ ಮೇಲೆ ಹೊಂಡದ ದಂಡೆ ಕುಸಿದರೆ, ಬಾವಿಯ ನೀರು ಕೆಟ್ಟರೆ, ಜನ ಮೊದಲು ಬಾಗಿಲು ತಟ್ಟುವುದು ಪಂಚಾಯಿತಿಯದನ್ನೇ.