ದಾರ ಕಡಿದ ಗರಿಗಳು



ತಲಕಾಡೆಂದೊಡನೆ ನಮಗೆ ನೆನಪಾಗುವುದು ಮರಳು. ಅಲ್ಲಿಂದ ನಾಡನ್ನಾಳಿದ ಗಂಗರ ತಾಮ್ರಶಾಸನಗಳನ್ನು ನೆನೆಯುವವರು ವಿರಳ. ಹಲವು ತಗಡುಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಆ ಬಳೆಗೆ ಆನೆಯ ಮುದ್ರೆಯನ್ನು ಸೇರಿಸುವುದು ಅವರ ಪದ್ಧತಿ. ರಾಜನ ವಂಶಾವಳಿ ಒಂದು ತಗಡಿನಲ್ಲಿದ್ದರೆ ದತ್ತಿಯ ಭೂಮಿಯ ಎಲ್ಲೆ ಇನ್ನೊಂದರಲ್ಲಿ. ಬಳೆ ಕಡಿದು ತಗಡುಗಳು ಚೆದುರಿದರೆ ಸಾಕ್ಷ್ಯವೇ ಕಡಿದಂತೆ.

ಯೂರೋಪಿನ ಕ್ರೈಸ್ತ ಮಠಗಳ ಲ್ಯಾಟಿನ್ ಗಾನಗ್ರಂಥಗಳಿಗೆ ಒದಗಿದ ಗತಿಯೂ ಇಂಥದೇ. ಹದಗೊಳಿಸಿದ ಚರ್ಮದ ಹಾಳೆ. ಅದರ ಮೇಲೆ ನಾಲ್ಕು ಗೆರೆ. ಗೆರೆಗಳ ಮೇಲೆ ಚೌಕಾಕಾರದ ಸ್ವರಚಿಹ್ನೆಗಳು. ಅವುಗಳ ಕೆಳಗೆ ಸ್ತೋತ್ರದ ಮಾತು. ಮೊದಲಕ್ಷರಕ್ಕೆ ನೀಲಿ, ಕೆಂಪು, ಚಿನ್ನದ ರೇಕಿನ ಅಲಂಕಾರ. ಇಡೀ ಮೇಳವು ಒಂದೇ ಗ್ರಂಥವನ್ನು ನೋಡಿ ಹಾಡಬೇಕಾಗಿದ್ದುದರಿಂದ ಹಲವು ಗ್ರಂಥಗಳ ಹಾಳೆಗಳು ಬಹು ದೊಡ್ಡವು. ಆ ಚೆಲುವೇ ಅವಕ್ಕೆ ಮುಳುವಾಯಿತು. ಕಲಾವಿಮರ್ಶಕ ರಸ್ಕಿನ್ನನೇ ಪ್ರಾರ್ಥನಾಗ್ರಂಥವೊಂದನ್ನು ಕತ್ತರಿಸಿದ ಸಂಗತಿಯನ್ನು 1854ರ ತನ್ನ ದಿನಚರಿಯಲ್ಲಿ ಬರೆದಿಟ್ಟನು. 1951ರಲ್ಲಿ ತೀರಿಕೊಂಡ ಅಮೆರಿಕದ ಆಟೊ ಎಗಿ ಎಂಬಾತನು, ಹೆಚ್ಚು ಜನರಿಗೆ ಈ ಕಲೆ ದೊರೆಯಲೆಂದು, ಅನೇಕ ಗ್ರಂಥಗಳನ್ನು ಬಿಡಿಸಿ ಹಾಳೆಹಾಳೆಯಾಗಿ ಹಂಚಿದನು, ಮಾರಿದನು. ಉದ್ದೇಶವೇನೋ ಒಳ್ಳೆಯದೇ. ಆದರೆ ಗೋಡೆಗೇರಿದ ಆ ಹಾಳೆಯ ಕೊನೆಗೆ ಬಂದ ಹಾಡು ಅರ್ಧದಲ್ಲಿಯೇ ನಿಲ್ಲುತ್ತದೆ. ಮುಂದಿನ ಸ್ವರ ಬೇರೊಂದು ಊರಿನ ಗೋಡೆಯ ಮೇಲಿದೆ.

ನಮ್ಮಲ್ಲಿಯೂ ಚಿತ್ರಾಲಂಕೃತ ಗ್ರಂಥಗಳುಂಟು. ಮೂಡಬಿದಿರೆಯ ಧವಳ ಗ್ರಂಥದ ಓಲೆಗಳಲ್ಲಿ ಹಳಗನ್ನಡ ಲಿಪಿಯ ಬರಹದೊಡನೆ ಬಣ್ಣದ ಚಿತ್ರಗಳಿವೆ. ಇದಕ್ಕೂ ತಲಕಾಡಿಗೂ ಒಂದು ನಂಟಿದೆ. ಚೋಳರ ಕೈಯಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಗುರು ಶುಭಚಂದ್ರದೇವರಿಗೇ ಈ ಪ್ರತಿ ದಾನವಾಗಿ ಸಂದಿತು. ಇದು ತಿಳಿದುಬರುವುದು ಚಿತ್ರಗಳಿಂದಲ್ಲ, ಗ್ರಂಥದಲ್ಲಿರುವ ಪ್ರಶಸ್ತಿಯಿಂದ. ಆ ಗುರುಗಳು 1123ರಲ್ಲಿ ಮುಡಿಪಿದರೆಂದು ಶ್ರವಣಬೆಳಗೊಳದ ಶಾಸನವು ಹೇಳುವುದರಿಂದ ಚಿತ್ರಗಳ ಕಾಲವೂ ಗೊತ್ತಾಯಿತು. ಚಿತ್ರದ ಗರಿಯೊಂದನ್ನೇ ಯಾರಾದರೂ ಕಳಚಿ ಮಾರಿದ್ದರೆ, ಅದು ಊರು, ಕಾಲ, ಹೆಸರು ಒಂದೂ ಇಲ್ಲದ ಚೆಂದದ ತುಣುಕಾಗಿ ಉಳಿಯುತ್ತಿತ್ತು.

ಆದುದರಿಂದ ಮನೆಯ ಅಟ್ಟದಲ್ಲಿ ಓಲೆಯ ಕಟ್ಟುಳ್ಳವರಲ್ಲಿ ನನ್ನದೊಂದು ಬಿನ್ನಹ. ದಾರ ಜೀರ್ಣವಾಗಿದ್ದರೆ ಗರಿಗಳ ಕ್ರಮ ಕೆಡದಂತೆ ಹೊಸ ದಾರವನ್ನು ಪೋಣಿಸಿರಿ. ಕಾಪಾಡಲಾಗದಿದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸಂಸ್ಥೆಗೆ ಕಟ್ಟನ್ನು ಕಟ್ಟಾಗಿಯೇ ಒಪ್ಪಿಸಿರಿ. ಚೆಲುವಾದ ಒಂದೇ ಒಂದು ಗರಿಯನ್ನು ಬೇಡಿ ಬಂದವನು ಎಷ್ಟೇ ಹಣವನ್ನು ಮುಂದಿಟ್ಟರೂ, ಬರಿಗೈಯಲ್ಲಿ ಕಳುಹಿಸಿರಿ.