ಆಫೀಸಿನ ಹೆಲ್ತ್ ಚೆಕಪ್ಪಿಗೆ ನಾನು ಯಾಕೆ ಹೋಗಲಿಲ್ಲ?

(ನಮ್ಮ ಕೂಟದ ತಿಂಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಇಲ್ಲಿ ಅಮೆರಿಕದಲ್ಲಿ ಕೋಡ್ ಬರೆದು ಬದುಕುವವನು. ಆದರೂ ಆರೋಗ್ಯದ ಬಗ್ಗೆ ಮಾತಾಡಲು ನಿಂತಿದ್ದೇನೆ. ಯಾಕೆಂದರೆ ನಾನು ಮಾಡಿದ ತಪ್ಪನ್ನೇ ಇಲ್ಲಿ ಕೂತಿರುವ ಕೆಲವರು ಈಗಲೂ ಮಾಡುತ್ತಿರಬಹುದು.

ನಮ್ಮ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಇರುತ್ತದೆ. ಕಾನ್ಫರೆನ್ಸ್ ರೂಮಿನಲ್ಲಿ ನರ್ಸ್ ಕೂತು ಬಿಪಿ, ತೂಕ, ಸೊಂಟದ ಅಳತೆ ನೋಡಿ, ರಕ್ತ ತೆಗೆದು ಶುಗರ್, ಕೊಲೆಸ್ಟರಾಲ್ ಅಳೆಯುತ್ತಾರೆ. ಮಾಡಿಸಿಕೊಂಡವರಿಗೆ ವಿಮೆಯ ಕಂತಿನಲ್ಲಿ ರಿಯಾಯಿತಿ. ಮೂರು ವರ್ಷ ನಾನು ಹೋಗಲಿಲ್ಲ. ಕೇಳಿದವರಿಗೆ "ರಿಲೀಸ್ ಇದೆ, ಪುರುಸೊತ್ತಿಲ್ಲ" ಎನ್ನುತ್ತಿದ್ದೆ. ಅದು ಸುಳ್ಳು. ಇಪ್ಪತ್ತು ನಿಮಿಷ ಯಾರಿಗೆ ಸಿಗುವುದಿಲ್ಲ ಹೇಳಿ?

ನಿಜವಾದ ಕಾರಣ ಎರಡು. ಒಂದು, ವೀಸಾ. ಆಗ ನಾನು ಎಚ್-1ಬಿಯಲ್ಲಿದ್ದೆ. ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ನನ್ನ ಶುಗರ್ ಎಷ್ಟು ಅಂತ ಮ್ಯಾನೇಜರಿಗೆ ಗೊತ್ತಾಗಿ, ಲೇಆಫ್ ಪಟ್ಟಿಯಲ್ಲಿ ನನ್ನ ಹೆಸರು ಮೊದಲು ಬಂದರೆ? ಈ ಅನುಮಾನ ನಮಗಷ್ಟೇ ಅಲ್ಲ. ವೀಸಾದ ಚಿಂತೆಯೇ ಇಲ್ಲದ ಪಕ್ಕದ ಸೀಟಿನ ಅಮೆರಿಕನ್ನನೂ ಹೋಗುತ್ತಿರಲಿಲ್ಲ. "ನನ್ನ ಸೊಂಟದ ಅಳತೆ ಕಂಪನಿಗೆ ಯಾಕೆ?" ಅಂತ ಅವನ ಪ್ರಶ್ನೆ.

ಹೀಗೆ ಅನುಮಾನಿಸುವವರು ದಡ್ಡರಲ್ಲ. ಇಂಥ ತಪಾಸಣೆಗೆ ವಿಮೆ ಖರ್ಚಿನ ಶೇ. 30ರವರೆಗೆ ಆಮಿಷ ಒಡ್ಡಬಹುದು ಎಂದು ಸರ್ಕಾರಿ ಆಯೋಗವೊಂದು 2016ರಲ್ಲಿ ನಿಯಮ ಮಾಡಿತ್ತು. ಅಷ್ಟು ದುಡ್ಡು ಮುಂದಿಟ್ಟರೆ ಅದು ಸ್ವಇಚ್ಛೆ ಹೇಗಾಗುತ್ತದೆ ಎಂಬ ಪ್ರಶ್ನೆಗೆ ಆಯೋಗ ಸರಿಯಾದ ಕಾರಣ ಕೊಟ್ಟಿಲ್ಲ ಎಂದು 2017ರಲ್ಲಿ ಫೆಡರಲ್ ಕೋರ್ಟ್ ಹೇಳಿತು. 2019ರ ಜನವರಿಯಿಂದ ಆ ನಿಯಮ ರದ್ದಾಯಿತು. ಆದರೆ ಕಾಯಿದೆಯ ರಕ್ಷಣೆ ಇದೆ. 1990ರ ಅಂಗವಿಕಲರ ಹಕ್ಕಿನ ಕಾಯಿದೆ ಪ್ರಕಾರ ಈ ತಪಾಸಣೆ ಸ್ವಇಚ್ಛೆಯದಾಗಿರಬೇಕು, ಸಿಕ್ಕ ಮಾಹಿತಿಯನ್ನು ಗುಟ್ಟಾಗಿಡಬೇಕು. 2008ರ ಜಿನಾ ಕಾಯಿದೆ ಪ್ರಕಾರ ಮನೆತನದ ಕಾಯಿಲೆಗಳನ್ನು ಹೇಳಿ ಎಂದು ಉದ್ಯೋಗಿಗೆ ದುಡ್ಡಿನ ಆಸೆ ತೋರಿಸುವಂತಿಲ್ಲ.

ಎರಡನೆಯ ಕಾರಣಕ್ಕೆ ಯಾವ ಕಾಯಿದೆಯೂ ಇಲ್ಲ. ಅದು ಹೆದರಿಕೆ. ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ಗಾಯ ಮಾಯದೆ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ಪರೀಕ್ಷೆ ಮಾಡಿಸದಿದ್ದರೆ ಕಾಯಿಲೆಯೇ ಇಲ್ಲ ಎಂಬುದು ನನ್ನ ಲೆಕ್ಕ. ಟೆಸ್ಟ್ ರನ್ ಮಾಡಿಲ್ಲ, ಆದ್ದರಿಂದ ಬಗ್ ಇಲ್ಲ ಎಂದು ನನ್ನ ಟೀಮಿನವರು ಯಾರಾದರೂ ಹೇಳಿದ್ದರೆ ಬಿಡುತ್ತಿದ್ದೆನೇ?

ಒಂದು ಭಾನುವಾರ ಊರಿಗೆ ಫೋನ್ ಮಾಡಿ, ಅಪ್ಪನ ಶುಗರ್ ಟೆಸ್ಟ್ ತಪ್ಪಿತೆಂದು ಅಮ್ಮನ ಮೇಲೆ ರೇಗಾಡಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, "ನೀನು ಮಾಡಿಸ್ಕೊಂಡ್ಯೇನಪ್ಪಾ?" ಅಂದರು. ನನ್ನ ಬಾಯಿ ಕಟ್ಟಿತು.

ಆಫೀಸಿಗೆ ಹೋಗದೆ ನನ್ನದೇ ಡಾಕ್ಟರ ಹತ್ತಿರ ಹೋದೆ. ಎ1ಸಿ 6.2 ಬಂತು. 5.7ರಿಂದ 6.4 ಅಂದರೆ ಕಾಯಿಲೆಯ ಹೊಸ್ತಿಲು. ನಾನು ದಪ್ಪ ಅಲ್ಲವಲ್ಲ ಅಂದೆ. ನಮ್ಮಂಥ ಏಷ್ಯಾದವರಿಗೆ ಬಿಎಂಐ 23 ದಾಟಿದರೇ ಪರೀಕ್ಷೆ ಮಾಡಿಸಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ಹೇಳುತ್ತಿದೆ, ಬೇರೆಯವರಿಗೆ 25 ಎಂದರು. 2002ರಲ್ಲಿ ಪ್ರಕಟವಾದ ಇಲ್ಲಿನ ದೊಡ್ಡ ಅಧ್ಯಯನದ ಬಗ್ಗೆಯೂ ಹೇಳಿದರು. ಹೊಸ್ತಿಲಲ್ಲಿದ್ದವರು ಶೇ. 7ರಷ್ಟು ತೂಕ ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡಾಗ ಕಾಯಿಲೆ ಬರುವುದು ಶೇ. 58ರಷ್ಟು ತಗ್ಗಿತಂತೆ. ಮೂರು ವರ್ಷ ಮೊದಲೇ ಇದು ಗೊತ್ತಾಗಿದ್ದರೆ?

ರಾತ್ರಿ ಅನ್ನ ಅರ್ಧಕ್ಕಿಳಿಸಿದೆ, ಊಟದ ನಂತರ ಅರ್ಧ ಗಂಟೆ ನಡೆದೆ. ಒಂದು ವರ್ಷದ ಮೇಲೆ 5.6.

ಗೆಳೆಯರೇ, ಕಂಪನಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಅಲ್ಲಿ ಹೋಗಬೇಡಿ. ರಿಯಾಯಿತಿಯ ಡಾಲರ್ ಹೋಗಲಿ. ಆದರೆ ಕಂಪನಿಯ ಮೇಲಿನ ಅನುಮಾನವನ್ನು ನಿಮ್ಮ ಮೈಮೇಲೆ ತೀರಿಸಿಕೊಳ್ಳಬೇಡಿ. 2010ರ ಕಾಯಿದೆಯಿಂದಾಗಿ ಹೆಚ್ಚಿನ ವಿಮೆಗಳಲ್ಲಿ ವರ್ಷದ ತಪಾಸಣೆಗೆ ಕೈಯಿಂದ ದುಡ್ಡು ಹಾಕಬೇಕಿಲ್ಲ. ನಿಮ್ಮದೇ ಡಾಕ್ಟರ ಹತ್ತಿರ ಹೋಗಿ. ಮುಂದಿನ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದರೆ ಕೊಡಲು ಒಂದು ಉತ್ತರ ಇರಲಿ.