ದಾಸೋಹಕ್ಕೂ ಉಗ್ರಾಣ ಬೇಕು

(ಹಳ್ಳಿಖೇಡ (ಬಿ)ಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಾನು ವೈದ್ಯನಲ್ಲ. ಸರ್ಕಾರಿ ಎಂಜಿನಿಯರಾಗಿ ಅಂದಾಜುಪಟ್ಟಿ, ಅಳತೆ ಪುಸ್ತಕ, ಬಿಲ್ಲು ಎಂದು ಆಯುಷ್ಯ ಕಳೆದವನು. ಆ ಕಣ್ಣಿನಿಂದಲೇ ಆಸ್ಪತ್ರೆಯ ಜಮಾ-ಖರ್ಚನ್ನು ನಿಮ್ಮ ಮುಂದಿಡುತ್ತೇನೆ.

2003ರಲ್ಲಿ ಸಹಕಾರ ಸಂಘಗಳ ರೈತರಿಗೆ ಯಶಸ್ವಿನಿ ಬಂತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ. 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದಾಗ ಅದು 5 ಲಕ್ಷಕ್ಕೆ ಏರಿತು. ಹೃದಯದ ಆಪರೇಷನ್ನಿಗೆ ಹೊಲ ಮಾರುವ ಗತಿ ಎಷ್ಟೋ ಮನೆಗಳಿಗೆ ತಪ್ಪಿತು. ಇದು ದೊಡ್ಡ ಕೆಲಸ.

ಆದರೆ ಕಾರ್ಡು ರೋಗಿಯನ್ನು ಆಸ್ಪತ್ರೆಯ ಬಾಗಿಲಿಗೆ ತರುತ್ತದೆ. ಬಾಗಿಲು ತೆರೆದಿರಬೇಕಾದರೆ ಆಸ್ಪತ್ರೆಯ ಗಲ್ಲಾಪೆಟ್ಟಿಗೆಯಲ್ಲಿ ದುಡ್ಡಿರಬೇಕು. ಒಂದು ಕಲ್ಪಿತ ಲೆಕ್ಕ ಹಾಕೋಣ. ಸಣ್ಣ ಆಸ್ಪತ್ರೆಯೊಂದರ ಸಂಬಳ, ಕರೆಂಟು, ಸಾಲದ ಕಂತು ಸೇರಿ ತಿಂಗಳಿಗೆ 6 ಲಕ್ಷ. ರೋಗಿ ಬಂದರೂ ಬರದಿದ್ದರೂ ಈ ಖರ್ಚು ತಪ್ಪದು. ಒಬ್ಬ ರೋಗಿಗೆ ಯೋಜನೆಯ ದರ 10 ಸಾವಿರ. ಅದರಲ್ಲಿ ಔಷಧಿ, ಸಾಮಗ್ರಿಗೆ 6 ಸಾವಿರ ಹೋದರೆ ಉಳಿಯುವುದು 4 ಸಾವಿರ. ನೂರು ರೋಗಿಗಳಾದರೆ 4 ಲಕ್ಷ, ಅಂದರೆ ನಷ್ಟ. ಇನ್ನೂರು ಜನ ಬಂದರೆ 8 ಲಕ್ಷ, ಅಂದರೆ ಲಾಭ. ಯೋಜನೆ ವಿಸ್ತಾರವಾದರೆ ಆಸ್ಪತ್ರೆಗೆ ಒಳ್ಳೆಯದೆನ್ನುವುದು ಈ ಲೆಕ್ಕದಿಂದಲೇ.

ಈಗ ಬಿಲ್ಲು ಮೂರು ತಿಂಗಳು ತಡವಾಯಿತು ಎನ್ನಿ. ಇನ್ನೂರು ರೋಗಿಗಳ ಔಷಧಿಗೆ 12 ಲಕ್ಷ, ಮೇಲಿನ 6 ಲಕ್ಷ ಸೇರಿ ತಿಂಗಳಿಗೆ 18 ಲಕ್ಷ. ಮೂರು ತಿಂಗಳಿಗೆ 54 ಲಕ್ಷ ಕೈಯಿಂದ ಹಾಕಬೇಕು. ನೂರೇ ರೋಗಿಗಳಿದ್ದರೆ 36 ಲಕ್ಷ ಸಾಕಿತ್ತು. ರೋಗಿಗಳು ಹೆಚ್ಚಿದಷ್ಟೂ ಪುಸ್ತಕದಲ್ಲಿ ಲಾಭ, ಕೈಯಲ್ಲಿ ಸಾಲ!

ಕಬ್ಬು ಬೆಳೆಯುವ ನಿಮಗೆ ಇದು ಹೊಸದಲ್ಲ. ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಶೇ 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶವಿದೆ. ಆದರೂ ಬಿಲ್ಲಿಗಾಗಿ ಕಾಯದ ಬೆಳೆಗಾರ ಯಾರು? ಆಯುಷ್ಮಾನ್ ಯೋಜನೆಯಲ್ಲೂ ರಾಜ್ಯದೊಳಗಿನ ಬಿಲ್ಲಿಗೆ 15 ದಿನದ ಗಡುವು ಹಾಕಿದ್ದಾರೆ. 2025ರ ಆಗಸ್ಟ್‌ನಲ್ಲಿ ಹರಿಯಾಣದ ಖಾಸಗಿ ಆಸ್ಪತ್ರೆಗಳು ಬಾಕಿ ಬರಲಿಲ್ಲವೆಂದು ಈ ಸೇವೆಯನ್ನೇ ನಿಲ್ಲಿಸಿದವು. ಬಿಲ್ಲು ತಡವಾದ ಗುತ್ತಿಗೆದಾರ ಕಾಂಕ್ರೀಟಿನಲ್ಲಿ ಸಿಮೆಂಟು ಉಳಿಸುತ್ತಾನೆ. ಆಸ್ಪತ್ರೆಯಾದರೆ ಹಾಸಿಗೆ ಖಾಲಿ ಇಲ್ಲ ಎನ್ನಬಹುದು, ಅಥವಾ ರೋಗಿಯ ಕೈಯಿಂದಲೇ ಮೇಲುಹಣ ಕೇಳಬಹುದು. ಪೆಟ್ಟು ಕೊನೆಗೆ ಬಡವನಿಗೇ.

ಸರ್ಕಾರಿ ಆಸ್ಪತ್ರೆಯ ಲೆಕ್ಕ ಬೇರೆ. ಅಲ್ಲಿ ಸಂಬಳ ಸರ್ಕಾರದ್ದು. ಯೋಜನೆಯಿಂದ ಬರುವ ಹಣ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಹೆಚ್ಚುವರಿ ಆದಾಯ. ‘ಇಲ್ಲಿ ಹೇಗೂ ಪುಕ್ಕಟೆ’ ಎಂದು ನಾವು ಕಾರ್ಡು ತೋರಿಸದೆ ಬಂದರೆ ಆ ಹಣ ನಮ್ಮದೇ ಆಸ್ಪತ್ರೆಗೆ ತಪ್ಪುತ್ತದೆ.

ಹೀಗಾಗಿ ನನ್ನ ಬಿನ್ನಹ ಮೂರು. ಸರ್ಕಾರಿ ಆಸ್ಪತ್ರೆಗೆ ದಾಖಲಾಗುವಾಗ ರೇಷನ್ ಕಾರ್ಡು, ಆಧಾರ್ ತಪ್ಪದೆ ಕೊಡಿ. ಬಂದ ಹಣ ಯಾವುದಕ್ಕೆ ಖರ್ಚಾಯಿತೆಂದು ಸಮಿತಿಯನ್ನು ಕೇಳಿ. ಆಸ್ಪತ್ರೆ ನಡೆಸುವ ಮಠಗಳು, ಟ್ರಸ್ಟುಗಳು ಯೋಜನೆಗೆ ಸೇರುವ ಮೊದಲು ಒಂದೊಂದು ಚಿಕಿತ್ಸೆಯ ನಿಜವಾದ ಖರ್ಚು ಬರೆದು ನೋಡಲಿ. ಮೂರು ತಿಂಗಳ ಖರ್ಚಿಗೆ ಸಾಲುವಷ್ಟು ಮೂಲಧನ ಕೂಡಿಡಲಿ. ಮೂರನೆಯದು, ಮತ ಕೇಳಲು ಬಂದವರನ್ನು ‘ಎಷ್ಟು ಲಕ್ಷದ ಕಾರ್ಡು ಕೊಡುತ್ತೀರಿ’ ಎಂದು ಮಾತ್ರ ಕೇಳಬೇಡಿ. ‘ಬಿಲ್ಲು ಎಷ್ಟು ದಿನಕ್ಕೆ ಕೊಡುತ್ತೀರಿ’ ಎಂದೂ ಕೇಳಿ.

ಕಾಯಕ ಮಾಡಿದವನಿಗೆ ಹೊತ್ತಿಗೆ ಸರಿಯಾಗಿ ಸಲ್ಲಬೇಕಾದದ್ದು ಸಲ್ಲಬೇಕು. ಪಂಕ್ತಿಗೆ ನೂರು ಜನರನ್ನು ಕರೆದು ಉಗ್ರಾಣ ಬರಿದು ಬಿಟ್ಟರೆ, ಕೊನೆಯಲ್ಲಿ ಕುಳಿತವನು ಹಸಿದೇ ಏಳುತ್ತಾನೆ.